ಮೇಲಿನ ಕೀಲು

ಬಡಗಿಗೆ ಬೆಳಗಿನಿಂದ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಎದೆಯೊಳಗೆ ಸಿಳ್ಳೆ, ತಲೆಯೊಳಗೆ ಸಿಟ್ಟು. ಉಬ್ಬಸ ಎಂದು ಹೋದರೆ ಡಾಕ್ಟರಮ್ಮ ಎದೆಗೆ ಬಾಯಿಂದ ಎಳೆದುಕೊಳ್ಳುವ ಪಂಪು ಕೊಟ್ಟದ್ದಲ್ಲದೆ, ಮೂಗಿಗೆ ಟಾರ್ಚು ಬಿಟ್ಟು ನೋಡಿ ಅದಕ್ಕೂ ಒಂದು ಸ್ಪ್ರೇ ಬರೆದಿದ್ದರು.

"ವರ್ಷಗಟ್ಟಲೆ ಕಟ್ಟಿರೋ ಮೂಗು ಎದೇನ ಸುಮ್ನಿರೋಕೆ ಬಿಡಲ್ಲ. ಎರಡನ್ನೂ ದಿನಾ ತಗೊಳ್ಳಿ," ಎಂದಿದ್ದರು.

"ಎದೆಗೆ ಮದ್ದು ಕೇಳೋಕೆ ಹೋದ್ರೆ ನನ್ನ ಮೂಗಿನ ಸುದ್ದಿ ಅವರಿಗ್ಯಾಕೆ?" ಎಂದು ಹೆಂಡತಿಯ ಮುಂದೆ ಕೂಗಾಡಿದ್ದ. ಪಂಪು ಎಳೆಯುತ್ತಿದ್ದ, ಸ್ಪ್ರೇಯ ಸೀಲೂ ಒಡೆದಿರಲಿಲ್ಲ. ಹೆಂಡತಿ ಅದನ್ನು ದಿನಾ ಅವನ ಅಂಗಿಯ ಜೇಬಿಗೆ ಹಾಕುವುದು, ಅವನು ಹಾಗೇ ವಾಪಸು ತರುವುದು ನಡೆದೇ ಇತ್ತು.

ಇವತ್ತಿನ ಕೆಲಸ ಒಬ್ಬ ಮೇಷ್ಟರ ಮನೆಯಲ್ಲಿ. ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು. ಯಾರೋ ಹೆರೆದೂ ಹೆರೆದೂ ಅದರ ಕೆಳಗಿನ ಅಂಚು ಹಾಳಾಗಿತ್ತು.

"ಕೆಳಗೆ ಇನ್ನೊಂಚೂರು ಹೆರೆದುಬಿಡಪ್ಪ," ಎಂದರು ಮೇಷ್ಟರು.

ಬಡಗಿಯ ಸಿಟ್ಟು ನೆತ್ತಿಗೇರಿತು. "ಉಜ್ಜೋದು ಕೆಳಗಾದ್ರೂ ಕೆಟ್ಟಿರೋದು ಮೇಲಲ್ವಾ ಸಾರ್! ಮೇಲಿನ ಕೀಲು ಸಡಿಲ ಆಗಿದೆ. ಅದನ್ನ ಬಿಟ್ಟು ಕೆಳಗೆ ಎಷ್ಟು ಹೆರೆದ್ರೂ ಅಷ್ಟೆ, ನಾಳೆ ಮತ್ತೆ..."

ಅವನ ಎದೆ ಸಿಳ್ಳೆ ಹಾಕಿತು.

"ಯಾಕಪ್ಪ, ನಾಳೆ ಮತ್ತೇನು?"

ಬಡಗಿ ಗೋಡೆಯ ಕಡೆ ತಿರುಗಿ, ಜೇಬಿನಿಂದ ಸ್ಪ್ರೇ ತೆಗೆದು, ಸೀಲನ್ನು ಹಲ್ಲಿನಿಂದ ಕಚ್ಚಿ ಕಿತ್ತ.