ಪೆನ್ಸಿಲ್‌ನಲ್ಲಿ ಬರೆದ ಹೆಸರುಗಳು

"ಆರನೇ ಕ್ಲಾಸೂ ಪೂರ್ತಿ ಮುಗಿಸದ ನೀನು ಪುಸ್ತಕದ ವಿಷಯ ಮಾತಾಡ್ತೀಯೇನೋ? ಮೊದಲು ತಲೆಯಲ್ಲಿರೋ ಮರದ ಹೊಟ್ಟು ಕೊಡವಿಕೊಂಡು ಬಾ, ಹೋಗು."

ವಿಜಯ್‌ಕುಮಾರ್ ಇದನ್ನು ಮೈಕಿನಲ್ಲೇ ಹೇಳಿದರು. ಅವರ ಪುಸ್ತಕದ ಬಿಡುಗಡೆ, ಯಾದವಗಿರಿಯ ಆ ಸಭಾಂಗಣದಲ್ಲಿ ಎಂಬತ್ತು ಜನ ಇದ್ದರು. ನಕ್ಕರು. ಮುಂದಿನ ಸಾಲಿನವರು ನಕ್ಕಿದ್ದು ಇರಲಿ, ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದ ನಮ್ಮ ಹೂಟಗಳ್ಳಿಯವರೂ ನಕ್ಕರು. ಅದು ಜಾಸ್ತಿ ಉರಿಯಿತು.

ನಾನು ಎದ್ದು ನಿಂತು ಕೇಳಿದ್ದು ಒಂದೇ ಮಾತು. "ಸಾರ್, ನಮ್ಮ ತಾತನ ಪುಸ್ತಕ ಯಾವಾಗ ವಾಪಸ್ ಕೊಡ್ತೀರ? ನಾಡಿದ್ದು ಮಹಾಲಯ ಅಮಾವಾಸ್ಯೆ."

ಅದಕ್ಕೆ ಈ ಉತ್ತರ. ತಲೆಯಲ್ಲಿ ಹೊಟ್ಟು ಇದ್ದದ್ದು ನಿಜ. ನಾನು ಬಡಗಿ ಕೆಲಸದವನು, ವರ್ಕ್‌ಶಾಪಿನಿಂದ ನೇರ ಬಂದಿದ್ದೆ. ಕಿವಿಯ ಮೇಲೆ ಪೆನ್ಸಿಲ್ ಕೂಡ ಹಾಗೇ ಇತ್ತು.

ನಮ್ಮ ತಾತ ಚಿಕ್ಕಣ್ಣ. ಜಮೀನೆಲ್ಲ ಕಾರ್ಖಾನೆಗಳಿಗೆ ಹೋಗಿ, ನಮ್ಮ ಬೀದಿಯ ಮನೆಗಳು ದಿಕ್ಕಿಗೊಂದು ಚೆದುರಿದ ಮೇಲೆ, ತಾತ ಒಂದು ಉದ್ದನೆಯ ರಟ್ಟಿನ ಪುಸ್ತಕ ಕೊಂಡು ಸೈಕಲ್ ಹತ್ತಿದ. ಸತ್ತವರ ಹೆಸರು ಬರೆಯೋಕೆ. ಬರೀ ಹೆಸರಲ್ಲ, ಅವರಿಗೆ ತಿನ್ನೋಕೆ ಏನು ಇಷ್ಟ ಇತ್ತು ಅನ್ನೋದು. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಸತ್ತವರು ಇಷ್ಟಪಟ್ಟಿದ್ದನ್ನೇ ಎಲೆ ಮೇಲೆ ಇಡಬೇಕು. ಎಲ್ಲರೂ ಒಂದೇ ಬೀದಿಯಲ್ಲಿದ್ದಾಗ ಯಾವುದೋ ಮನೆಯ ಮುದುಕಿಗೆ ನೆನಪಿರುತ್ತಿತ್ತು. ಚೆದುರಿದ ಮೇಲೆ ಯಾರನ್ನು ಕೇಳೋದು? ತಾತನ ಪುಸ್ತಕವನ್ನೇ. ವರ್ಷವರ್ಷ ಅಮಾವಾಸ್ಯೆಯ ಹಿಂದಿನ ದಿನ ಜನ ನಮ್ಮನೆ ಜಗಲಿಗೆ ಬಂದು ಓದಿಸಿಕೊಂಡು ಹೋಗುತ್ತಿದ್ದರು.

"ಸಣ್ಣಮ್ಮ: ಹುಳಿ ಕಮ್ಮಿ ಇರೋ ಹುರುಳಿ ಸಾರು." "ಬೆಟ್ಟಯ್ಯ: ಬೀಡಿ, ಎರಡು. ಬೆಂಕಿಪೊಟ್ಟಣ ಮರೀಬೇಡಿ, ಬದುಕಿದ್ದಾಗಲೂ ಯಾವತ್ತೂ ಇಟ್ಟುಕೊಂಡವನಲ್ಲ." ನಾನು ಸ್ಕೂಲಿನಲ್ಲಿ ಓದಿದ್ದೆಲ್ಲ ಮರೆತಿದ್ದೇನೆ. ಇವು ಬಾಯಿಪಾಠ.

ಇನ್ನೊಂದು ಕ್ರಮ ಇತ್ತು. ಅರವತ್ತು ದಾಟಿದವರನ್ನು ತಾತ ಮುಖಕ್ಕೆ ಮುಖ ಕೊಟ್ಟು ಕೇಳುತ್ತಿದ್ದ. "ನಿನ್ನ ಎಡೆಗೆ ಏನಿಡಬೇಕು, ಈಗ್ಲೇ ಹೇಳ್ಬುಡು." ಅವರು ನಕ್ಕು, ಬೈದು, ಆಮೇಲೆ ಹೇಳುತ್ತಿದ್ದರು. ಅಂಥವರದ್ದೆಲ್ಲ ಪೆನ್ಸಿಲ್‌ನಲ್ಲಿ. ಸತ್ತು ಹನ್ನೊಂದನೇ ದಿನ ಕಳೆದ ಮೇಲೆ ಅದರ ಮೇಲೆ ಇಂಕು. ಪೆನ್ಸಿಲ್ ಅಂದರೆ ಇದ್ದಾರೆ, ಇಂಕು ಅಂದರೆ ಇಲ್ಲ. ನಮ್ಮೂರಲ್ಲಿ ಅಕ್ಷರ ಬಾರದವರಿಗೂ ಇದು ಗೊತ್ತು. ತಾತ ಹೋದಾಗ ಅವನ ಹೆಸರಿನ ಮೇಲೆ ಇಂಕು ಹಾಕಿದ್ದು ನಾನು. ಅಕ್ಷರ ಸೊಟ್ಟಗಾಯಿತು.

ಈ ವಿಜಯ್‌ಕುಮಾರ್ ಕಾಲೇಜಿನಲ್ಲಿ ಪಾಠ ಹೇಳಿ ರಿಟೈರ್ ಆದವರು. ಎರಡು ವರ್ಷದ ಹಿಂದೆ ಕಾರಿನಲ್ಲಿ ಬಂದು, ಜಗಲಿ ಮೇಲೆ ಕೂತು, ಅಜ್ಜಿ ಕೊಟ್ಟ ಕಾಫಿ ಕುಡಿದು, "ಒಂದೇ ವಾರ ಕಣಮ್ಮ, ಜೆರಾಕ್ಸ್ ಮಾಡ್ಸಿ ತಂದ್ಕೊಡ್ತೀನಿ" ಅಂತ ಪುಸ್ತಕ ತಗೊಂಡು ಹೋದರು. ಆಮೇಲೆ ಫೋನ್ ಮಾಡಿದಾಗೆಲ್ಲ ಮೀಟಿಂಗು. ಮನೆ ಹತ್ತಿರ ಹೋದರೆ ಗೇಟಿನಾಚೆ ನಿಲ್ಲಿಸಿ ಮಾತು.

ಹೋದ ವರ್ಷ ಪುಸ್ತಕ ಇಲ್ಲದೆ ಎಡೆ ಇಟ್ಟೆವು. ಅಜ್ಜಿ ಮಂಗಳಮ್ಮನಿಗೆ ಎಂಬತ್ತೊಂದು. ಮರೆವು ಶುರುವಾಗಿದೆ. ಮೂರು ವರ್ಷಕ್ಕೇ ತೀರಿಕೊಂಡ ತನ್ನ ಮಗಳು ಕೆಂಪಿಗೆ ಎಡೆ ಇಡೋದನ್ನೇ ಮರೆತಳು. ಕೆಂಪಿಯ ಒಂದು ಫೋಟೋ ಇಲ್ಲ, ರೇಷನ್ ಕಾರ್ಡಿನಲ್ಲೂ ಹೆಸರಿಲ್ಲ. ಅವಳು ಈ ಭೂಮಿ ಮೇಲೆ ಇದ್ದಳು ಅನ್ನೋದು ಆ ಪುಸ್ತಕದ ಒಂದು ಸಾಲಿನಲ್ಲಿ ಮಾತ್ರ ಇದೆ. ನಾಲ್ಕು ದಿನ ಬಿಟ್ಟು ಅಜ್ಜಿಗೆ ನೆನಪಾಯಿತು. "ಕೂಸು ಹಸ್ಕೊಂಡು ಹೊಂಟೋಯ್ತು ಕಣೋ" ಅಂತ ಎದೆ ಬಡಕೊಂಡಳು. ಏನು ಇಷ್ಟ ಇತ್ತು ಅನ್ನೋದು ಮಾತ್ರ ಇನ್ನೂ ನೆನಪಾಗಿಲ್ಲ. ಈ ಸಲ ಪುಸ್ತಕ ತಂದೇ ತರ್ತೀನಿ ಅಂತ ಅವಳಿಗೆ ಮಾತು ಕೊಟ್ಟು ಬಂದಿದ್ದೆ.

ಇಲ್ಲಿ ನೋಡಿದರೆ ಅದು ವೇದಿಕೆ ಮೇಲೆ, ಚೆಂಡುಹೂವಿನ ಹಾರ ಹಾಕಿಸಿಕೊಂಡು ಕೂತಿದೆ. ಪಕ್ಕದಲ್ಲಿ ಚೀಟಿ: "ಮೂಲ ಹಸ್ತಪ್ರತಿ. ಸಂಗ್ರಹ: ವಿಜಯ್‌ಕುಮಾರ್."

"ಅದನ್ನ ಇವತ್ತು ಒಂದು ಸಂಗ್ರಹಾಲಯಕ್ಕೆ ಕೊಡ್ತಾ ಇದ್ದೇವೆ," ಅಂದರು ಮೈಕಿನಲ್ಲಿ. "ನಿಮ್ಮನೇಲಿದ್ರೆ ಗೆದ್ದಲು ತಿಂದುಬಿಡುತ್ತೆ. ಕೂತ್ಕೋ." ಯಾರೋ ನಮ್ಮೂರಿನ ಬಗ್ಗೆ ಅವರು ಬರೆದ ಹೊಸ ಪುಸ್ತಕದ ಒಂದು ಪ್ರತಿ ನನ್ನ ಕೈಗೆ ತುರುಕಿದರು. "ಓದೋಕೆ ಬಂದ್ರೆ ಓದು" ಅಂತ ಇನ್ಯಾರೋ ಹಿಂದಿನಿಂದ ಗೊಣಗಿದರು.

ಓದೋಕೆ ಬರುತ್ತೆ. ಓದಿದೆ. ಹೊಳೆಯೋ ಕಾಗದ, ಮೊದಲ ಇಪ್ಪತ್ತು ಪುಟ ಅವರದ್ದೇ ಫೋಟೋ. ನಲವತ್ತೇಳನೇ ಪುಟದಲ್ಲಿ "ನಮ್ಮನ್ನಗಲಿದವರು" ಅಂತ ಪಟ್ಟಿ. ಹೆಸರುಗಳು ಮಾತ್ರ. ಹುರುಳಿ ಸಾರು ಇಲ್ಲ, ಬೀಡಿ ಇಲ್ಲ. ಬೆರಳಿಟ್ಟುಕೊಂಡು ಕೆಳಗೆ ಬಂದೆ. ಬೆಟ್ಟಯ್ಯ. ಸಣ್ಣಮ್ಮ. ಕೆಂಪಿ. ಅದರ ಕೆಳಗೆ, ಮಂಗಳಮ್ಮ.

ಬೆಳಿಗ್ಗೆ ನನ್ನ ಡಬ್ಬಿಗೆ ಚಿತ್ರಾನ್ನ ಹಾಕಿಕೊಟ್ಟ ಮಂಗಳಮ್ಮ.

ಇನ್ನೂ ಕೆಳಗೆ ಬಂದೆ. ಇನ್ನೊಂದು ಹೆಸರು ಸಿಕ್ಕಿತು. ಎದ್ದು ನಿಂತೆ. ಮೈಕು ಬೇಕಾಗಲಿಲ್ಲ.

"ಮಹದೇವಪ್ಪ ದೊಡ್ಡಪ್ಪ, ನಲವತ್ತೇಳನೇ ಪುಟ ತೆಗೀರಿ."

ಮಹದೇವಪ್ಪ ನಮ್ಮೂರಿನವರು, ಹಿಂದೆ ಪಂಚಾಯ್ತಿ ಮೆಂಬರ್, ಅವತ್ತಿನ ಅಧ್ಯಕ್ಷರು. ಆಗ ತಾನೇ ಬಣ್ಣದ ಕಾಗದ ಬಿಚ್ಚಿ, ಪುಸ್ತಕವನ್ನು ಕ್ಯಾಮೆರಾಗೆ ತೋರಿಸಿ, ಬಿಡುಗಡೆ ಮಾಡಿ ಕೂತಿದ್ದರು. ತೆರೆದು ನೋಡಿರಲಿಲ್ಲ.

"ಕೊನೇಯಿಂದ ಐದನೇ ಹೆಸರು ಓದಿ."

ಕನ್ನಡಕ ಏರಿಸಿ ಓದಿದರು. ಇನ್ನೊಂದು ಸಲ ಓದಿದರು. "ಏನ್ಲಾ ಇದು? ನನ್ನೇ ಸಾಯಿಸ್ಬುಟ್ಟವ್ರೆ!"

ಹಿಂದಿನ ಸಾಲಿನವರು ಈ ಸಲ ಬೇರೆ ಥರ ನಕ್ಕರು. "ಹಾರ ಹಾಕಿಸ್ಕೊಂಡಾಗ್ಲೇ ಅನ್ಕೊಂಡೆ ಕಣ್ರೀ!" ಅಂದ ಒಬ್ಬ. ಮಹದೇವಪ್ಪ ಕೊರಳಿನ ಹಾರ ತೆಗೆದು ಮೇಜಿನ ಮೇಲೆ ಎಸೆದರು.

"ಅಚ್ಚಿನ ದೋಷ. ಸಣ್ಣದು," ಅಂದರು ವಿಜಯ್‌ಕುಮಾರ್.

"ಅಚ್ಚಿನವರ ಮೇಲೆ ಹಾಕ್ಬೇಡಿ ಸಾರ್. ಪೆನ್ಸಿಲ್‌ನಲ್ಲಿರೋರು ಬದುಕಿರೋರು. ನಮ್ಮಜ್ಜಿ ಕೈಯಲ್ಲಿ ಕಾಫಿ ಕುಡಿದ್ರಲ್ಲ, ಒಂದು ಮಾತು ಕೇಳಿದ್ರೆ ಹೇಳಿರೋಳು. ಪುಸ್ತಕ ಓದಿದೋರು ನೀವು. ಕೇಳಲಿಲ್ಲ."

ಅವರು ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲು ಹತ್ತಿದ್ದೆ. ಯಾರೂ ತಡೆಯಲಿಲ್ಲ. ತಾತನ ಪುಸ್ತಕದ ಮೇಲಿನ ಹೂವು ತಳ್ಳಿ ತೆರೆದೆ. ಮೂಗಿಗೆ ನಮ್ಮನೆ ಅಟ್ಟದ ವಾಸನೆಯೇ ಬಡಿಯಿತು. ಕೆಂಪಿಯ ಸಾಲು ಸಿಕ್ಕಿತು: "ಕೆಂಪಿ: ಕೊಬ್ಬರಿ ಬೆಲ್ಲ. ಕೈಯಿಂದ ತಿನ್ನಿಸಬೇಕು." ಅದರ ಕೆಳಗೆ ಅಜ್ಜಿ: "ಮಂಗಳಮ್ಮ: ಬಾಳೆಹಣ್ಣು, ಅವರೇಕಾಳು ಉಪ್ಪಿಟ್ಟು. ಕಾಫಿ ಬೇಡ ಅಂತಾಳೆ, ಇಡಬೇಕು."

ಅಜ್ಜಿಯ ಹೆಸರು ಇಂಕಿನಲ್ಲಿತ್ತು.

ಪುಟ ತಿರುಗಿಸಿದೆ. ಮಹದೇವಪ್ಪ, ಇಂಕು. ಪೆನ್ಸಿಲ್‌ನ ಹನ್ನೊಂದು ಹೆಸರಿನ ಮೇಲೂ ನೀಲಿ ಜೆಲ್ ಪೆನ್ ಓಡಿತ್ತು. ಅಚ್ಚುಕಟ್ಟಾಗಿ, ಮೇಷ್ಟರ ಕೈಯಲ್ಲಿ.

"ಮಾಸಿಹೋಗಿತ್ತಪ್ಪ," ಅಂದರು ವಿಜಯ್‌ಕುಮಾರ್, ಈಗ ಮೈಕಿನಿಂದ ದೂರ ನಿಂತು, ಮೆತ್ತಗೆ. "ಜೆರಾಕ್ಸಿನಲ್ಲಿ ಬರ್ತಿರಲಿಲ್ಲ. ನಾನೇ ಕೂತು ತಿದ್ದಿದೆ. ಉಪಕಾರ ಅಂತಲೇ ಮಾಡಿದ್ದು."

ನನ್ನ ಕೈ ಎದ್ದಿತ್ತು. ಸುಳ್ಳು ಹೇಳಲ್ಲ, ಹೊಡೆಯೋಕೇ ಎದ್ದದ್ದು. ಆದರೆ ಇನ್ನೊಂದು ಕೈಯಲ್ಲಿ ಪುಸ್ತಕ ಇತ್ತು, ದಾರ ಸಡಿಲವಾಗಿ ಹಾಳೆಗಳು ಜಾರುತ್ತಿದ್ದವು. ಹಿಡಿಯೋಕೆ ಎರಡೂ ಕೈ ಬೇಕಾಯಿತು.

"ಲೋ ಸುನಿಲ," ಮಹದೇವಪ್ಪ ಹತ್ತಿರ ಬಂದರು. "ನಂದು ಏನ್ ಬರ್ಸಿದ್ದೆ ನಾನು?"

"ಮೀನು ಸಾರು ದೊಡ್ಡಪ್ಪ. ಮುಳ್ಳು ತೆಗೆದು ಇಡಬೇಕು ಅಂತ."

ಅವರು ತಲೆ ಆಡಿಸಿದರು. ವಿಜಯ್‌ಕುಮಾರ್ ಕಡೆ ತಿರುಗಿ, "ಪುಸ್ತಕ ಹುಡುಗನ ಮನೇದು. ಸಂಗ್ರಹಾಲಯಕ್ಕೆ ಬೇರೆ ಏನಾದ್ರೂ ಹುಡುಕ್ಕೊಳಿ," ಅಂದರು.

ಹೂವಿನಿಂದ ಒದ್ದೆಯಾದ ರಟ್ಟನ್ನು ಶರ್ಟಿಗೆ ಒರೆಸಿ, ಪುಸ್ತಕವನ್ನು ಎದೆಗೆ ಒತ್ತಿಕೊಂಡು ಇಳಿದೆ. ಅಮಾವಾಸ್ಯೆಗೆ ಕೆಂಪಿಗೆ ಕೊಬ್ಬರಿ ಬೆಲ್ಲ ಸಿಗುತ್ತೆ. ಅಜ್ಜಿಗೆ ಅಕ್ಷರ ಬರಲ್ಲ, ಆದರೆ ಪೆನ್ಸಿಲ್ ಯಾವುದು ಇಂಕು ಯಾವುದು ಅಂತ ಬೆರಳಿಟ್ಟು ಹೇಳುತ್ತಾಳೆ. ತನ್ನ ಸಾಲು ಎಲ್ಲಿದೆ ಅನ್ನೋದೂ ಗೊತ್ತು, ಮಗಳ ಕೆಳಗೇ ತನ್ನದು ಇರಲಿ ಅಂತ ಅವಳೇ ಹೇಳಿ ಬರೆಸಿದ್ದು. ಆ ಪುಟ ತೆರೆಯದೆ ಕೆಂಪಿಯನ್ನು ಹೇಗೆ ತೋರಿಸಲಿ?

"ಸುನಿಲ್, ನಿಂತ್ಕೋಪ್ಪ," ಮೈಕು ಮತ್ತೆ ಜೀವ ತಗೊಂಡಿತು. ಈಗ ಹೆಸರು ಗೊತ್ತಿತ್ತು ಅವರಿಗೆ. "ಎರಡನೇ ಮುದ್ರಣದಲ್ಲಿ ಎಲ್ಲ ಸರಿಮಾಡೋಣ. ನಿಮ್ಮ ತಾತನ ಫೋಟೋ ಹಾಕೋಣ. ನಿನ್ನ ಹೆಸರೂ ಹಾಕೋಣ, ಸಹಾಯ ಅಂತ. ಏನಂತೀಯ?"

ಎಂಬತ್ತು ಜನ ತಿರುಗಿ ನೋಡಿದರು. ಯಾರೂ ನಗುತ್ತಿರಲಿಲ್ಲ.

ಬಾಗಿಲಲ್ಲಿ ಚಪ್ಪಲಿ ಹುಡುಕಿದೆ. ಒಂದು ಮಗುಚಿಕೊಂಡಿತ್ತು, ಕಾಲಿನಿಂದಲೇ ತಿರುಗಿಸಿ ಹಾಕಿಕೊಂಡೆ.

"ಏನಂತೀಯಪ್ಪ?"

ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ರಸ್ತೆಗಿಳಿದೆ.