ಪ್ಲಸ್ಸಿಗೂ ನೀಲಿ, ಮೈನಸ್ಸಿಗೂ ನೀಲಿ

ಮಳೆಗಾಲದ ಎರಡು ತಿಂಗಳ ರಜೆ ಮುಗಿದಿತ್ತು. ಮರುದಿನ ನಸುಕಿಗೆ ಕೋಡಿ ಊರಿನ ಮೀನುಗಾರರ ದೋಣಿಗಳೆಲ್ಲ ಕಡಲಿಗೆ ಇಳಿಯಬೇಕು. ರತ್ನಾಕರನ ದೋಣಿಯ ಬ್ಯಾಟರಿಯಲ್ಲಿ ಮಾತ್ರ ಚಾರ್ಜೇ ಇಲ್ಲ. ಬ್ಯಾಟರಿ ಇಲ್ಲದಿದ್ದರೆ ದೀಪವಿಲ್ಲ, ವಯರ್‌ಲೆಸ್ಸೂ ಇಲ್ಲ.

"ಇಲ್ದಿರೆ ಬ್ಯಾಡ. ನಮ್ ಅಪ್ಪಯ್ಯ ವಯರ್‌ಲೆಸ್ ಹಿಡ್ಕಂಡ್ ಹೋತಿದ್ರಾ?" ಎಂದ ರತ್ನಾಕರ.

ಹೆಂಡತಿ ಗುಲಾಬಿ ಒಪ್ಪಲಿಲ್ಲ. ಹೋದ ವರ್ಷ ನಡುಗಡಲಿನಲ್ಲಿ ಎಂಜಿನ್ ಕೆಟ್ಟಾಗ ಆ ವಯರ್‌ಲೆಸ್ಸೇ ಅವನನ್ನು ಮನೆಗೆ ತಲುಪಿಸಿತ್ತು.

ಬೆಳಿಗ್ಗೆ ಅವನು ಕಾರ್ ಬ್ಯಾಟರಿಯ ಚಾರ್ಜರ್ ತಂದು ಸಿಕ್ಕಿಸಿದ್ದ. ಚಟ್ಟೆಂದು ಕಿಡಿ ಹಾರಿ ಎಲ್ಲ ಸುಮ್ಮನಾಗಿತ್ತು.

"ಕಮ್ಮಿ ಕ್ರಯದ್ ಚಾರ್ಜರ್. ಫ್ಯೂಸ್ ಹೋಯ್ತ್ ಕಾಣ್. ಒಂದ್ ತಂತಿ ಸುತ್ತಿರೆ ಸರಿ ಆತ್ತ್" ಎಂದು ಅವನು ತಾಮ್ರದ ಎಳೆ ಬಿಡಿಸತೊಡಗಿದ.

ಗುಲಾಬಿ ಬೇಲಿಯತ್ತ ಓಡಿದಳು. "ಹ್ವಾಯ್ ಸುಗುಣಾ, ಒಂಚೂರು ಬಾ ಮಾರಾಯ್ತಿ!"

ಪಕ್ಕದ ಮನೆಯ ಸುಗುಣ ಕುಂದಾಪುರದ ಬ್ಯಾಟರಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಬಂದವಳೇ ಮೊದಲು ಪ್ಲಗ್ ಕಿತ್ತಳು. ಆಮೇಲೆ ಬ್ಯಾಟರಿ ನೋಡಿದಳು. ಅದರ ಎರಡೂ ತುದಿ, ಪ್ಲಸ್-ಮೈನಸ್ ಗುರುತಿನ ಸಮೇತ, ದಪ್ಪ ನೀಲಿ ಬಣ್ಣ!

"ರತ್ನಣ್ಣ, ದೋಣಿ ಬಣ್ಣ ಬ್ಯಾಟ್ರಿಗೂ ಹೊಡ್ದ್ರ್ಯಾ?"

"ಉಪ್ಪುಗಾಳಿಗೆ ತುಕ್ಕ್ ಹಿಡೂದ್ ಬ್ಯಾಡ ಅಂತ. ಕ್ಲಿಪ್ ಸಿಕ್ಸೂಕೆ ನಾನೇ ಒಂಚೂರು ಕೆರ್ದಿದೆ."

ಜಗಲಿಯಲ್ಲಿ ಬಲೆ ಸರಿಮಾಡುತ್ತಿದ್ದ, ದೋಣಿಯ ಜೊತೆಗಾರ ಮಂಜ ನಕ್ಕ. "ಉಳ್ದದ್ದ್ ಗುಲಾಬಕ್ಕಂಗೂ ಹೊಡೀರಿ!"

ರತ್ನಾಕರನ ಮುಖ ಸಣ್ಣದಾಯಿತು. ಸುಗುಣ ನಗಲಿಲ್ಲ. "ಬ್ಯಾಟ್ರಿ ಮೇಲೆ ಪ್ರೀತಿ ಇದ್ದವ್ರೇ ಹೀಂಗ್ ಮಾಡೂದ್" ಎಂದು ಮರಳುಕಾಗದ ಕೇಳಿದಳು.

ಉಜ್ಜಿದಾಗ ಪ್ಲಸ್ ಗುರುತು ಕಾಣಿಸಿತು. ಬೆಳಿಗ್ಗೆ ಅದಕ್ಕೇ ಮೈನಸ್ಸಿನ ಕಪ್ಪು ಕ್ಲಿಪ್ ಹಾಕಿದ್ದ ರತ್ನಾಕರ!

"ಉಲ್ಟಾ ಆಯ್ತ್. ಫ್ಯೂಸ್ ತಾನ್ ಸುಟ್ಕಂಡ್ ಚಾರ್ಜರ್ ಉಳ್ಸಿತ್. ತಂತಿ ಸುತ್ತಿರೆ ಇನ್ನೊಂದ್ ಸಲ ಮನಿಗೇ ಬೆಂಕಿ ಹಿಡೂಕೂ ಸಾಕ್" ಎಂದಳು ಸುಗುಣ.

ಹಳೆಯ ಫ್ಯೂಸಿನ ಮೇಲಿದ್ದ ಅಂಕಿಯನ್ನೇ ನೋಡಿ ಮಂಜ ಪೇಟೆಯಿಂದ ಹೊಸದನ್ನು ತಂದ. ಸುಗುಣ ಅದನ್ನು ಹಾಕಿ, ಚಾರ್ಜರಿನ ಎರಡು ಕ್ಲಿಪ್ಪಿಗೆ ಪರೀಕ್ಷೆಗೆಂದು ಮನೆಯಿಂದ ತಂದ ರಿಕ್ಷಾದ ಬಲ್ಬ್ ಸಿಕ್ಕಿಸಿ, ಪ್ಲಗ್ ಹಾಕಿ ಸ್ವಿಚ್ ಒತ್ತಿದಳು. ಬಲ್ಬ್ ಉರಿಯಿತು.

"ಕಾಣಿ, ಚಾರ್ಜರ್ ಗಟ್ಟಿ ಇತ್ತ್!"

"ದೇವ್ರ್ ದೀಪದ್ ಹತ್ರ ಜಾಗ ಇತ್ತ್. ಬ್ಯಾಟ್ರಿ ಅಲ್ಲಿ ಇಡ್ಲಾ?" ಎಂದಳು ಗುಲಾಬಿ.

"ಬ್ಯಾಡ ಅಕ್ಕಾ. ಚಾರ್ಜ್ ಆಪ್ ಹೊತ್ತಿಗೆ ಬ್ಯಾಟ್ರಿಯಿಂದ ಗ್ಯಾಸ್ ಬತ್ತ್. ಗಾಳಿ ಆಡು ಜಾಗ್ದಗೇ ಇಡ್ಕ್, ಹತ್ರ ಬೆಂಕಿ ಇಪ್ಪುಕಾಗ."

ಮಂಜ ಬಾಯಲ್ಲಿದ್ದ ಬೀಡಿಯನ್ನು ಅಂಗಳದಾಚೆ ಹೋಗಿ ಆರಿಸಿ ಬಂದ.

ಬ್ಯಾಟರಿಯನ್ನು ಜಗಲಿಯಲ್ಲಿಟ್ಟು, ಸ್ವಿಚ್ ಆರಿಸಿಟ್ಟುಕೊಂಡು ರತ್ನಾಕರನೇ ಕೆಂಪು ಕ್ಲಿಪ್ಪನ್ನು ಪ್ಲಸ್ಸಿಗೆ, ಕಪ್ಪನ್ನು ಮೈನಸ್ಸಿಗೆ ಹಾಕಿದ. ಆಮೇಲೆ ಸ್ವಿಚ್ ಒತ್ತಿದ. ಚಾರ್ಜರಿನ ಮೀಟರಿನ ಮುಳ್ಳು ಮೇಲೆದ್ದಿತು. ಸಂಜೆಗೆ ಅದು ಮೆಲ್ಲನೆ ಕೆಳಗಿಳಿದಾಗ ಬ್ಯಾಟರಿ ತುಂಬಿತ್ತು. ಅವನು ಕೆಂಪು ಬಣ್ಣ ತಂದು, ಪ್ಲಸ್ ಗುರುತಿನ ಪಕ್ಕ, ಬ್ಯಾಟರಿಯ ಮೈಮೇಲೆ ಒಂದೇ ಒಂದು ಬೊಟ್ಟು ಇಟ್ಟ.

ನಸುಕಿನಲ್ಲಿ ದೋಣಿ ಅಳಿವೆ ದಾಟುವಾಗ ಅದರ ದೀಪ ಎರಡು ಸಲ ಆರಿ ಹತ್ತಿತು. ಅದು ತನಗೇ ಎಂದು ದಡದಲ್ಲಿ ನಿಂತ ಗುಲಾಬಿಗೆ ತಿಳಿಯಿತು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಚಾರ್ಜರ್ ನಿಂತರೆ ಕೂಡಲೇ ಎಸೆಯಬೇಡಿ. ಮೊದಲು ಪ್ಲಗ್ ತೆಗೆಯಿರಿ. ಕ್ಲಿಪ್, ತುದಿ, ಫ್ಯೂಸ್ ನೋಡಿ. ಫ್ಯೂಸಿನ ಜಾಗಕ್ಕೆ ತಂತಿ ಬೇಡವೇ ಬೇಡ. ಸುಟ್ಟ ವಾಸನೆ ಬಂದರೆ ಚಾರ್ಜರಿನ ಪೆಟ್ಟಿಗೆ ಬಿಚ್ಚದೆ ತಿಳಿದವರ ಹತ್ತಿರ ಒಯ್ಯಿರಿ. ಕಡಲಿಗೆ ಹೋಗುವವರು ನಿಮ್ಮ ಮನೆಯಲ್ಲಿದ್ದರೆ ಇವತ್ತೇ ಅವರ ದೋಣಿಯ ಬ್ಯಾಟರಿಯನ್ನೊಮ್ಮೆ ನೋಡಿ.