ಸ್ಟೆಪ್ನಿ ದೋಣಿಗೆ ಹೋದ ಕಥೆ

ಸಂಘದ ಅಕ್ಕಂದಿರೇ, ತಂಗಿಯರೇ, ಬಾಗಿಲ ಹೊರಗೆ ನಿಂತು ಕಿವಿಗೊಟ್ಟಿರುವ ಗಂಡಸರೇ, ನೀವೂ ಒಳಗೆ ಬನ್ನಿ. ಇದು ನಿಮಗೂ ಸೇರಿದ ಕಥೆ.

ನಮ್ಮ ಕೇರಿಗೆ ಒಂದು ರೋಗ ಇದೆ. ಗಾಡಿಯ ಸಾಮಾನು ಗಾಡಿಯಲ್ಲಿ ನಿಲ್ಲುವುದಿಲ್ಲ. ಸ್ಪ್ಯಾನರು ಪಂಪ್‌ಸೆಟ್ಟಿಗೆ ಹೋಗುತ್ತದೆ, ಹಗ್ಗ ಬಟ್ಟೆ ಒಣಗಿಸಲು ಹೋಗುತ್ತದೆ, ಟಾರ್ಚು ಕೋಳಿಗೂಡಿಗೆ ಹೋಗುತ್ತದೆ. ಹೋದದ್ದು ವಾಪಸು ಬಂದದ್ದನ್ನು ನಾನಂತೂ ನೋಡಿಲ್ಲ.

ನಮ್ಮ ಕೇರಿ ಇರುವುದು ಹೊನ್ನಾವರದಲ್ಲಿ, ಹೊಳೆ ಸಮುದ್ರ ಸೇರುವ ಕಡೆ. ನಾನು ದೇವಿ, ನನ್ನ ಪಕ್ಕದ ಮನೆ ಹೊನ್ನಣ್ಣನದು. ಅವನು ದೋಣಿಯವನು, ಮಾತು ಕಡಿಮೆ. ಹೆಂಡತಿ ಮಂಜಕ್ಕ ಒಣಮೀನು ಮಾರುತ್ತಾಳೆ, ಗಂಡ ಆಡದೆ ಬಿಟ್ಟ ಮಾತನ್ನೆಲ್ಲ ಅವಳೇ ಆಡುತ್ತಾಳೆ. ಮಗ ಪ್ರಕಾಶ ಪಿಕಪ್ ಗಾಡಿ ಓಡಿಸುತ್ತಾನೆ. ಗೇರಸೊಪ್ಪೆಯ ಆಚೆ ಗುಡ್ಡದ ಊರುಗಳಿಗೆ ಅಮ್ಮನನ್ನೂ ಒಣಮೀನನ್ನೂ ಕರೆದುಕೊಂಡು ಹೋಗುವವನು ಅವನೇ. ಅವನ ಹೆಂಡತಿ ಸೌಜನ್ಯಾ ನಮ್ಮ ಸಂಘದವಳೇ.

ಆ ಮನೆಯಲ್ಲಿ ಒಂದು ಪದ್ಧತಿ ಉಂಟು. ಹೊನ್ನಣ್ಣ ದೋಣಿಗೆ ಹೊರಡುವಾಗ ಮಂಜಕ್ಕ ಹೊಸ್ತಿಲಲ್ಲಿ ನಿಂತು ಒಂದೊಂದೇ ಸಾಮಾನಿನ ಹೆಸರು ಕೂಗುತ್ತಾಳೆ. "ನೀರು?" ಎಂದರೆ ಹೊನ್ನಣ್ಣ ಕ್ಯಾನು ಮುಟ್ಟಿ ನೋಡಿ "ಅದೆ" ಎನ್ನಬೇಕು. "ಹಗ್ಗ?" "ಅದೆ." ಕತ್ತಿ, ಬೆಲ್ಲ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಂಕಿಪೊಟ್ಟಣ, ಎಲ್ಲಕ್ಕೂ ಹೀಗೇ. ಮುಟ್ಟದೆ ಬರೀ ಬಾಯಲ್ಲಿ "ಅದೆ" ಎಂದರೆ ಮಂಜಕ್ಕನಿಗೆ ಗೊತ್ತಾಗುತ್ತದೆ, ಮತ್ತೆ ಮೊದಲಿನಿಂದ ಶುರು. ಬೇರೆ ಗಂಡ ಹೆಂಡಿರು ಪ್ರೀತಿಯನ್ನು ಹೇಗೆ ಹೇಳಿಕೊಳ್ಳುತ್ತಾರೋ ಗೊತ್ತಿಲ್ಲ, ಇವರದು ಮದುವೆಯಾದಾಗಿನಿಂದ ಹೀಗೆ.

ಆದರೆ ಪಿಕಪ್ ಹೊರಡುವಾಗ ಯಾರೂ ಕೂಗುತ್ತಿರಲಿಲ್ಲ. ಅದು ನೆಲದ ಮೇಲೆ ಹೋಗುವುದಲ್ಲವಾ? ಸಮುದ್ರಕ್ಕೆ ಹೆದರುವ ನಮ್ಮವರು ನೆಲಕ್ಕೆ ಮೂರು ಕಾಸಿನ ಬೆಲೆ ಕೊಡುವುದಿಲ್ಲ.

ಮಳೆಗಾಲದ ಕೊನೆಗೆ ದೋಣಿಗಳು ಮತ್ತೆ ಇಳಿದಾಗ ಹೊನ್ನಣ್ಣನ ದೋಣಿಯ ಮಗ್ಗುಲು, ದೋಣಿ ನಿಲ್ಲಿಸುವ ಧಕ್ಕೆಯ ಕಲ್ಲಿಗೆ ಬಡಿದು ಕೆತ್ತಿಹೋಗುತ್ತಿತ್ತು. ದೋಣಿಯ ಪಕ್ಕಕ್ಕೆ ಹಳೇ ಟಯರು ಕಟ್ಟುವುದು ನೀವು ನೋಡಿದ್ದೇ. ಹಳೇ ಟಯರು ಸಿಗಲಿಲ್ಲ ಎಂದು ಪ್ರಕಾಶ ಪಿಕಪ್ಪಿನ ಸ್ಟೆಪ್ನಿಯನ್ನೇ ಬಿಚ್ಚಿ ಅಪ್ಪನ ದೋಣಿಗೆ ಕಟ್ಟಿಬಿಟ್ಟ. ಅಪ್ಪನ ಮೇಲಿನ ಪ್ರೀತಿ, ಅದರಲ್ಲಿ ತಪ್ಪಿಲ್ಲ. ಆದರೆ ಗಾಡಿಯ ಜಾಕು ಆಗಲೇ ಕಾಲು ಮುರಿದ ಮಂಚದ ಅಡಿಗೆ ಹೋಗಿತ್ತು. ಗಾಡಿ ಎಳೆಯುವ ಹಗ್ಗದ ಮೇಲೆ ಮಂಜಕ್ಕನ ಸೀರೆ ಒಣಗುತ್ತಿತ್ತು.

ಚೌತಿ ಕಳೆಯಿತು. ಶ್ರಾವಣದಿಂದ ಮೀನು ತಿನ್ನುವುದು ಬಿಟ್ಟವರೆಲ್ಲ ಬಾಯಿ ಚಪ್ಪರಿಸುತ್ತ ಕಾಯುವ ಹೊತ್ತು ಅದು. ಗಾಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಒಣಮೀನು ತುಂಬಿದರು. ಸ್ಟೆಪ್ನಿ ಇಲ್ಲದೆ ಆ ಮಣ್ಣುರಸ್ತೆಗೆ ಹೋಗುವುದು ಬೇಡ, ನೀರೂ ತಿಂಡಿಯೂ ಇಟ್ಟುಕೊಳ್ಳಿ ಎಂದು ಸೌಜನ್ಯಾ ಹೇಳಿದಳು. ಪ್ರಕಾಶ ನಗಾಡಿದ.

"ನೆಲ ಎಂತ ಮುಳುಗ್ತದ್ಯಾ? ಫೋನ್ ಅದೆ. ಎಂತಾರೂ ಆದ್ರೆ ಒಂದ್ ಫೋನ್ ಮಾಡ್ತೆ, ಆತು."

ಗುಡ್ಡದ ಊರುಗಳಲ್ಲಿ ವ್ಯಾಪಾರ ಚೆನ್ನಾಗಿಯೇ ಆಯಿತು. ಮಂಜಕ್ಕನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿದ್ದಳು. ಮಧ್ಯಾಹ್ನ ಒಬ್ಬರ ಮನೆಯಲ್ಲಿ ಊಟಕ್ಕೆ ಕರೆದರೆ, ಇನ್ನೊಂದು ಊರು ಮುಗಿಸಿ ಉಣ್ಣುತ್ತೇನೆ ಎಂದು ಹೊರಟಳು. ಆ ಊರು ಮುಗಿಸಿ ಬರುವ ದಾರಿಯಲ್ಲಿ, ಮಳೆನೀರು ಕೊರೆದ ಇಳಿಜಾರಿನಲ್ಲಿ, ಚೂಪು ಕಲ್ಲೊಂದು ಹಿಂದಿನ ಟಯರಿನ ಮಗ್ಗುಲನ್ನು ಸೀಳಿತು. ಗಾಡಿ ಪಕ್ಕಕ್ಕೆ ಸರಿದು ಚಕ್ರ ಕೆಸರಿನಲ್ಲಿ ಹೂತುಹೋಯಿತು. ಮುಳುಗದ ನೆಲ ಅಲ್ಲಿ ಅಚ್ಚುಕಟ್ಟಾಗಿ ಮುಳುಗಿತು.

ಪ್ರಕಾಶ ಫೋನು ಎತ್ತಿ ಹಿಡಿದ, ದಿಬ್ಬ ಹತ್ತಿ ಹಿಡಿದ. ಸುತ್ತಲೂ ಕಾಡು, ನೆಟ್‌ವರ್ಕ್ ಇಲ್ಲ. ಕೆಳಗೆ ಬಂದು ನೋಡಿದರೆ ಅಮ್ಮನ ಕೈ ನಡುಗುತ್ತಿದೆ, ಮೈಯೆಲ್ಲ ಬೆವರು. ಮಾತ್ರೆ ನುಂಗಿ ಉಣ್ಣದೆ ಇದ್ದದ್ದಕ್ಕೆ ರಕ್ತದಲ್ಲಿ ಸಕ್ಕರೆ ಇಳಿದಿತ್ತು. ಏನಾದರೂ ತಿನ್ನಲು ಕೊಡು ಎಂದಳು. ಅವನು ಗಾಡಿಯನ್ನೆಲ್ಲ ತಡಕಾಡಿದ. ಉಳಿದಿದ್ದು ಉಪ್ಪು ಹಾಕಿದ ಒಣಮೀನು ಮಾತ್ರ. ಕುಡಿಯಲು ತೊಟ್ಟು ನೀರಿಲ್ಲ, ಒಂದು ಚೂರು ಬೆಲ್ಲವಿಲ್ಲ. ಇಡೀ ಗಾಡಿ ತಿನ್ನುವ ಪದಾರ್ಥ, ಅಮ್ಮನ ಬಾಯಿಗೆ ಹಾಕಲು ಏನೂ ಇಲ್ಲ.

ಹೊತ್ತುಕೊಂಡು ಹೋಗುತ್ತೇನೆ ಎಂದರೆ ಅಮ್ಮನೇ ಬೇಡವೆಂದಳು. "ನೀ ಓಡು ಮಗಾ. ನಾ ಇಲ್ಲೇ ಇರ್ತೆ." ಅವಳನ್ನು ಒಬ್ಬಳೇ ಬಿಟ್ಟು ಅವನು ಬಂದ ದಾರಿಯಲ್ಲೇ ಓಡಿದ. ಸಿಕ್ಕಿದ ಮೊದಲ ಮನೆಯವರು ಬೆಲ್ಲ, ನೀರು ಕೊಟ್ಟರು, ಜೀಪಿದ್ದವರನ್ನು ಕರೆಯಲು ಒಬ್ಬರು ಹೋದರು. ಅವನು ಅವಸರದಲ್ಲಿ ವಾಪಸು ಬಂದಾಗ ಮಂಜಕ್ಕ ಸೀಟಿಗೆ ಒರಗಿ ಕುಳಿತಿದ್ದಳು. ಕಣ್ಣು ತೆರೆದೇ ಇತ್ತು, ಆದರೆ ಮಗನ ಗುರುತು ಹತ್ತಲಿಲ್ಲ. ಅವನ ಮುಖ ನೋಡಿ ಕೇಳಿದಳು:

"ದೋಣಿ ಬಂತಾ?"

ಜೀವಮಾನವಿಡೀ ದಂಡೆಯಲ್ಲಿ ನಿಂತು ಕೇಳಿದ ಮಾತು ಅದು. ಬುದ್ಧಿಗೆ ಮಂಕು ಕವಿದಾಗಲೂ ಅದೊಂದು ಉಳಿದಿತ್ತು. ಪ್ರಕಾಶ ಅವಳ ಬಾಯಿಗೆ ಸ್ವಲ್ಪ ಸ್ವಲ್ಪವೇ ಬೆಲ್ಲದ ನೀರು ಹಾಕಿದ. ಬಂತಮ್ಮಾ, ದೋಣಿ ಬಂತು ಎಂದು ಹೇಳುತ್ತಲೇ ಇದ್ದ. ಅವಳಿಗೆ ತಿಳಿವು ಮರಳಿತು. ಜೀಪಿನವರು ಆಸ್ಪತ್ರೆಗೆ ತಲುಪಿಸಿದರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಎಚ್ಚರ ಇರುವಾಗ ಸಿಹಿ ಕೊಟ್ಟಿದ್ದು ಒಳ್ಳೆಯದಾಯಿತು, ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ ಎಂದೂ ಹೇಳಿದರು.

ಸುದ್ದಿ ತಿಳಿದು ಸೌಜನ್ಯಾಳ ಅಣ್ಣ ದಿನೇಶ ಬಂದ. ಶಿರಾಲಿಯಲ್ಲಿ ಹೆದ್ದಾರಿ ಬದಿಗೆ ಅವನ ಗ್ಯಾರೇಜು. ಕೆಸರಿನಲ್ಲಿ ಹೂತಿದ್ದ ಪಿಕಪ್ಪಿಗೆ ಬೇರೆ ಟಯರು ಹಾಕಿ ಮನೆಗೆ ತಂದವನೂ ಅವನೇ. ಪ್ರಕಾಶ ಮೊದಲು ಟವರಿಗೆ ಬೈದ, ಆಮೇಲೆ ರಸ್ತೆಗೆ ಬೈದ. ದಿನೇಶ ಎದುರಾಡದೆ ಕೇಳಿಸಿಕೊಂಡ. ಕೊನೆಗೆ ಪ್ರಕಾಶನೇ ತಲೆ ಬಗ್ಗಿಸಿ, "ಅಮ್ಮ ದೋಣಿ ಬಂತಾ ಅಂತ ಕೇಳಿದ್ಲು ಭಾವ" ಎಂದ. ತೋಳಿನಿಂದ ಕಣ್ಣೊರೆಸಿಕೊಂಡ. ನನ್ನ ಕಣ್ಣೂ ತುಂಬಿತು, ಸುಳ್ಳು ಯಾಕೆ ಹೇಳಲಿ.

ದಿನೇಶ ಅವನ ಹೆಗಲ ಮೇಲೆ ಕೈ ಇಟ್ಟ. "ನಿಮ್ಮಪ್ಪ ಸಮುದ್ರದಲ್ಲಿ ಎಂತ ಮಾಡ್ತ್ರು, ನೀ ಗುಡ್ಡದಲ್ಲಿ ಅದ್ನೇ ಮಾಡು. ಕೂಗಿದ್ರೆ ಕೇಳೂಕೆ ಜನ ಇಲ್ಲದ ಜಾಗ ಎಲ್ಲಾ ಸಮುದ್ರವೇ."

ಆಮೇಲೆ ಮನೆಯಲ್ಲಿ ಶೋಧ ನಡೆಯಿತು. ಮಂಚದ ಅಡಿಯಿಂದ ಜಾಕು ಬಂತು, ಮಂಚ ಒಂದು ಕಡೆಗೆ ವಾಲಿತು. ಸೀರೆ ಇಳಿಸಿ ಹಗ್ಗ ಬಿಚ್ಚಿದರು. ಬಿಸಿಲು ತಿಂದು ಟೊಳ್ಳಾಗಿದೆ, ಇದಿನ್ನು ಸೀರೆಗೇ ಇರಲಿ ಎಂದು ದಿನೇಶ ಬೇರೆ ಗಟ್ಟಿ ಹಗ್ಗ ತರಿಸಿದ. ಎಳೆಯುವಾಗ ಬಿಗಿದ ಹಗ್ಗದ ಹತ್ತಿರ ಯಾರೂ ನಿಲ್ಲಬಾರದು, ತುಂಡಾದರೆ ಕಾಲು ಮುರಿಯುತ್ತದೆ ಎಂದ. ಜಾಕು ಕೆಸರಿನಲ್ಲಿ ಹೂತುಹೋಗುವುದರಿಂದ ಅಡಿಗೆ ದಪ್ಪ ಹಲಗೆ ಬೇಕೇ ಬೇಕು. ಗಾಡಿ ಎತ್ತುವ ಮುಂಚೆ ಹ್ಯಾಂಡ್‌ಬ್ರೇಕು ಎಳೆದು, ಬೇರೆ ಚಕ್ರಕ್ಕೆ ಕಲ್ಲು ಕೊಟ್ಟು, ನಟ್ಟುಗಳನ್ನು ಸ್ವಲ್ಪ ಸಡಿಲ ಮಾಡಿಕೊಳ್ಳಬೇಕು. ಜಾಕಿನ ಮೇಲಿರುವ ಗಾಡಿಯ ಅಡಿಗೆ ತಲೆ ಹಾಕಲೇಬಾರದು. ಇದನ್ನೆಲ್ಲ ಅವನು ಪ್ರಕಾಶನ ಕೈಯಲ್ಲೂ ಸೌಜನ್ಯಾಳ ಕೈಯಲ್ಲೂ ಅಂಗಳದಲ್ಲೇ ಮಾಡಿಸಿದ.

ಗುದ್ದಲಿ, ಸ್ಪ್ಯಾನರು, ಟಾರ್ಚು, ಕೆಟ್ಟು ನಿಂತ ಗಾಡಿಯ ಹಿಂದೆ ಇಡುವ ಕೆಂಪಗೆ ಹೊಳೆಯುವ ತ್ರಿಕೋನ, ಬ್ಯಾಟರಿಗೆ ಜೋಡಿಸುವ ವಯರು, ಫ್ಯೂಸು, ಎಲ್ಲ ಒಂದು ತಗಡಿನ ಪೆಟ್ಟಿಗೆಗೆ ಹೋದವು. ಸೌಜನ್ಯಾ ಬೇರೆ ಡಬ್ಬಿ ಮಾಡಿದಳು: ಗಾಯಕ್ಕೆ ಬ್ಯಾಂಡೇಜು ಮತ್ತು ಔಷಧಿ, ಅತ್ತೆಯ ಮಾತ್ರೆ, ಬೆಲ್ಲ, ಬಿಸ್ಕಿಟು. ಜೊತೆಗೆ ದೊಡ್ಡ ಕ್ಯಾನು ನೀರು. ಹೊಂಡದಲ್ಲಿ ಹಾರಿ ತಲೆಗೆ ಬಡಿಯದಂತೆ ಎಲ್ಲವನ್ನೂ ಬೆಲ್ಟಿನಿಂದ ಬಿಗಿದರು. ಯಾವ ದಾರಿಯಲ್ಲಿ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಮನೆಯಲ್ಲಿ ಹೇಳಿಯೇ ಹೊರಡಬೇಕು ಎಂಬುದೂ ಗಟ್ಟಿಯಾಯಿತು.

ಸ್ಟೆಪ್ನಿ ಮಾತ್ರ ಬರಲಿಲ್ಲ, ಅದು ಹೊನ್ನಣ್ಣನ ಜೊತೆ ಸಮುದ್ರದಲ್ಲಿತ್ತು. ದೋಣಿ ಬಂದ ಮೇಲೆ ಕೇಳೋಣ ಎಂದುಕೊಂಡಿದ್ದೆವು. ಕೇಳುವ ಕೆಲಸವೇ ಬೀಳಲಿಲ್ಲ. ಸಂಜೆ ನೋಡಿದರೆ ಹೊನ್ನಣ್ಣ ಮರಳುದಾರಿಯಲ್ಲಿ ಟಯರು ಉರುಳಿಸಿಕೊಂಡು ಬರುತ್ತಿದ್ದಾನೆ. ದೋಣಿಯ ಮಗ್ಗುಲಿಗೆ ಹಳೇ ಬಲೆಯನ್ನು ಸುತ್ತಿ ಕಟ್ಟಿದ್ದನಂತೆ. ಬಂದವನು ಬಾವಿಕಟ್ಟೆಯಲ್ಲಿ ಕುಳಿತು ಟಯರಿನ ಉಪ್ಪನ್ನೆಲ್ಲ ತೊಳೆದ. ಹಳೇ ದೋಣಿಯ ಹಲಗೆಯೊಂದನ್ನು ತಂದು ಜಾಕಿನ ಪಕ್ಕದಲ್ಲಿಟ್ಟ. ದಿನೇಶ ಟಯರನ್ನು ತಿರುಗಿಸಿ ನೋಡಿ, ಗಾಳಿ ತುಂಬಿ, ಗಟ್ಟಿಯಿದೆ ಎಂದ.

ಮಂಜಕ್ಕ ಚೇತರಿಸಿಕೊಂಡು ಮತ್ತೆ ವ್ಯಾಪಾರಕ್ಕೆ ಹೊರಟ ದಿನ ಬುತ್ತಿ ಕಟ್ಟಿಕೊಂಡೇ ಬಂದಳು. ಗಾಡಿಯ ಬಾಗಿಲ ಹತ್ತಿರ ನಿಂತು ಕೂಗಿದಳು.

"ನೀರು?"

"ಅದೆ" ಎಂದ ಪ್ರಕಾಶ, ಮುಟ್ಟಿ ನೋಡಿಯೇ. ಬೆಲ್ಲ, ಹಗ್ಗ, ಜಾಕು, ಹಲಗೆ, ಟಾರ್ಚು, ಎಲ್ಲಕ್ಕೂ ಉತ್ತರ ಬಂತು.

"ಸ್ಟೆಪ್ನಿ?"

ಪ್ರಕಾಶ ಬಾಯಿ ತೆರೆಯುವ ಮೊದಲೇ ಗಾಡಿಯ ಹಿಂದಿನಿಂದ "ಅದೆ" ಎಂದು ಕೇಳಿತು. ಹೊನ್ನಣ್ಣ ಟಯರಿನ ಮೇಲೆ ಕೈ ಇಟ್ಟು ನಿಂತಿದ್ದ. ಮಂಜಕ್ಕ ಏನೂ ಹೇಳದೆ ಗಾಡಿ ಹತ್ತಿದಳು. ಅವಳು ಸುಮ್ಮನಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ದಿನ ಹೊನ್ನಣ್ಣ ದೋಣಿಯಿಂದ ಬೇಗ ಬಂದ. ಉಂಡವನು ಮಲಗಲಿಲ್ಲ, ಮೆಟ್ಟಿಲ ಮೇಲೆ ಕುಳಿತು ರಸ್ತೆ ನೋಡುತ್ತಿದ್ದ. ಇಷ್ಟು ವರ್ಷ ಕಾಯುವ ಕೆಲಸ ಹೆಂಡತಿಯದಾಗಿತ್ತು, ಈಗ ಅದು ಎಂಥದ್ದೆಂದು ಅವನಿಗೆ ಗೊತ್ತಾಗುತ್ತಿತ್ತು. ನಾನು ಬೇಲಿಯ ಹತ್ತಿರ ಹೋದರೆ ನನ್ನನ್ನೇ ಕೇಳಿದ:

"ದೇವಿ, ಗಾಡಿ ಬಂತನಾ?"

ಗಾಡಿ ಬಂತು. ಹೇಳಿದ ಹೊತ್ತಿಗೇ ಬಂತು.

ಈಗ ನಿಮ್ಮ ಸರದಿ. ಮೀನಿನ ಗಾಡಿಯೋ, ಕಲ್ಲಿನ ಲಾರಿಯೋ, ಓಂ ಬೀಚಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪೋ, ನಿಮ್ಮ ಮನೆಯಿಂದ ಯಾವುದು ಕಚ್ಚಾರಸ್ತೆಗೆ ಹೊರಟರೂ ಹೊರಡುವ ಮುಂಚೆ ಹೀಗೆ ಕೂಗಿ ಕೇಳಿ. ಕುಮಟೆಯಿಂದ ಭಟ್ಕಳದವರೆಗೆ ಯಾವ ಮನೆಗೂ ಇದು ಹೊರೆಯಲ್ಲ. ಮನೆಯೊಳಗೆ ಚದುರಿಹೋದ ಸಾಮಾನನ್ನು ಇವತ್ತೇ ಹುಡುಕಿ ಗಾಡಿಗೆ ಸೇರಿಸಿ. ನೆಟ್‌ವರ್ಕ್ ಇರುವ ಕಡೆ ತುರ್ತು ಬಿದ್ದರೆ 112ಕ್ಕೆ ಫೋನ್ ಮಾಡಿ, ಇಲ್ಲದ ಕಡೆ ನಿಮ್ಮ ಪೆಟ್ಟಿಗೆಯೇ ನಿಮಗೆ ದಿಕ್ಕು. ಗಂಡಸರೇ, ಹೆಂಡತಿಯೋ ಅಮ್ಮನೋ ಕೇಳಿದಾಗ ನಗಾಡಬೇಡಿ. ಕೈಯಿಂದ ಮುಟ್ಟಿ ನೋಡಿ, ಆಮೇಲೆ ಹೇಳಿ: ಅದೆ.